ಗಂಜಿ ಪಂಚೆಯಲ್ಲಿ ಒರೆಸಿದ ಕಾರು

ನಮ್ಮ ಮಾವನವರ ಕಾರನ್ನು ಹೊಗಳದವರು ಪಾಲಹಳ್ಳಿಯಲ್ಲಿ ಇರಲಿಲ್ಲ. ಹೊಗಳದೆ ಉಳಿದವಳು ನಾನೊಬ್ಬಳೇ. ಆ ಕಾರು ಕಂಡರೆ ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಉಬ್ಬಿದ ಬಾನೆಟ್ಟಿನ, ಈಗ ಎಲ್ಲೂ ತಯಾರಾಗದ ಹಳೇ ಮಾದರಿಯ ಕರೀ ಕಾರು. ನಾನು ಸೊಸೆಯಾಗಿ ಬಂದ ದಿನವೇ ಅದು ಅಂಗಳದಲ್ಲಿ ನಿಂತಿತ್ತು. ಹೊಸ ಸೊಸೆ ಅಂತ ಅತ್ತೆ ಆರತಿ ಎತ್ತಿದರು. ಮಾವ ನನ್ನ ಜೊತೆ ಆಡಿದ ಮೊದಲ ಮಾತು, "ಕಾರಿಗೆ ಒರಗ್ಬೇಡ ಕಣಮ್ಮಿ, ಬಳೆ ಗೀರ್ತದೆ" ಅನ್ನುವುದಾಗಿತ್ತು.

ಅವರಿಗೆ ಇದ್ದ ಶೋಕಿ ಎರಡೇ, ಕಾರು ಮತ್ತು ಪಂಚೆ. ಬಿಳೀ ಪಂಚೆ ಹಲಗೆಯ ಹಾಗೆ ನಿಲ್ಲಬೇಕು. ಅನ್ನ ಬಸಿದ ಗಂಜಿಯನ್ನು ಸೋಸಿ, ಚೂರು ನೀಲಿ ಬೆರೆಸಿ, ಪಂಚೆ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿಡುವ ಕೆಲಸ ಮೊದಲು ಅತ್ತೆಯದಾಗಿತ್ತು. ಅವರು ಹೋದಮೇಲೆ ನನ್ನ ಪಾಲಿಗೆ ಬಂತು. ಗಂಜಿ ಒಂದಿಷ್ಟು ತೆಳುವಾಗಿದ್ದರೆ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ ಪಂಚೆಯಾ, ಸತ್ತ್ ಕೋಳಿಯಾ?" ಅನ್ನುತ್ತಿದ್ದರು.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಗಾದೆ ನಮ್ಮ ಮಾವನವರನ್ನು ನೋಡಿಯೇ ಹುಟ್ಟಿರಬೇಕು. ಯಾರ ಮನೆಯ ಮದುವೆಯೇ ಆಗಲಿ, ಗಂಡು ಬರಬೇಕಾದ್ದು ಅವರ ಕಾರಿನಲ್ಲೇ. ಬಾಡಿಗೆ ಮುಟ್ಟುತ್ತಿರಲಿಲ್ಲ. "ನಿಮ್ ಕಾರಿದ್ರೇನೇ ಮದ್ವೆಗೊಂದು ಕಳೆ ಯಜಮಾನ್ರೇ" ಅನ್ನಿಸಿಕೊಂಡರೆ ಸಾಕು, ಹೊಟ್ಟೆ ತುಂಬಿಬಿಡುತ್ತಿತ್ತು. ಮನೆಯವರಿಗೆ ಮಾತ್ರ ಆ ಕಾರು ದೇವರ ಪಲ್ಲಕ್ಕಿ ಇದ್ದ ಹಾಗೆ, ನೋಡಬಹುದು, ಹತ್ತುವ ಹಾಗಿಲ್ಲ. ಕೀಲಿ ಯಾವಾಗಲೂ ಅವರ ಸೊಂಟದ ಹಸಿರು ಬೆಲ್ಟಿನ ಜೇಬಿನಲ್ಲಿ. ಕಾರು ಎಲ್ಲಿಗೆ ಹೊರಟರೂ ಮುಂದಿನ ಸೀಟಿನಲ್ಲಿ ಅವರು ಇರಲೇಬೇಕು.

ನಾನು ಹತ್ತಿದ್ದೇನೆ. ಚೊಚ್ಚಲು ಹೆರಿಗೆಗೆ ತವರಿನವರು ಬಂದು ಕರೆದುಕೊಂಡು ಹೋಗಬೇಕು. ನನ್ನ ತವರು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರ. ಅಣ್ಣ ಬರುವ ವಾರ ಬರುತ್ತೇನೆ ಅಂದಿದ್ದ, ಅಷ್ಟರಲ್ಲೇ ನನಗೆ ನೋವು ಬಂತು. ಕೊಟ್ಟಿಗೆ ಬಾಗಿಲಲ್ಲೇ ನೀರು ಒಡೆಯಿತು. ಆಗ ಮಾವನವರೇ ಕಾರು ಓಡಿಸುತ್ತಿದ್ದರು. ಅತ್ತೆ ನನ್ನ ರಟ್ಟೆ ಹಿಡಿದು ಕಾರಿನ ಹತ್ತಿರ ನಿಲ್ಲಿಸಿಕೊಂಡಿದ್ದಾರೆ, ಮಾವ "ತಡಿ ತಡಿ" ಅಂದವರೇ ಕೊಟ್ಟಿಗೆಗೆ ಓಡಿದರು. ಬರುವಾಗ ಕೈಯಲ್ಲಿ ಗೊಬ್ಬರದ ಖಾಲಿ ಚೀಲ. ಹಿಂದಿನ ಸೀಟಿನ ಮೇಲೆ ಅದನ್ನು ಹಾಸಿ, ನಾಲ್ಕೂ ಮೂಲೆ ಎಳೆದು ಸರಿ ಮಾಡಿ, "ಈಗ ಕೂರ್ಸು" ಅಂದರು. ಕುರಿಯನ್ನು ಟೆಂಪೋಗೆ ಹಾಕುವವನೂ ಹುಲ್ಲು ಹಾಸುತ್ತಾನೆ. ನನಗೆ ಯೂರಿಯಾ ವಾಸನೆ ಹೊಡೆಯುವ ಪ್ಲಾಸ್ಟಿಕ್ ಚೀಲ. ಶ್ರೀರಂಗಪಟ್ಟಣದ ಆಸ್ಪತ್ರೆಯ ತನಕ ನಾನು ಒಂದೊಂದು ನೋವಿಗೂ ಮಿಸುಕಿದಾಗ ಅದು ಕೆಳಗೆ ಚರಚರ ಅನ್ನುತ್ತಿತ್ತು. ಹೆತ್ತ ನೋವು ಮರೆಯುತ್ತದೆ ಅಂತಾರೆ, ನಿಜ, ಮರೆತಿದ್ದೇನೆ. ಆ ಸದ್ದು ಮರೆತಿಲ್ಲ.

ಅವತ್ತು ಹುಟ್ಟಿದ ಮಗಳೇ ಈಗ ಬಸುರಿಯಾಗಿ ಬಾಣಂತನಕ್ಕೆ ಮನೆಗೆ ಬಂದಿದ್ದಳು. ದಿನ ತುಂಬಿತ್ತು. ಬಿ.ಪಿ. ಜಾಸ್ತಿ ಇತ್ತು. "ನೋವು ಶುರುವಾದ್ರೆ ಮನೇಲಿ ಕಷಾಯ ಗಿಷಾಯ ಅಂತ ಕೂರಬೇಡಿ, ಆ ಕ್ಷಣ ಬಂದುಬಿಡಿ" ಅಂತ ಆಸ್ಪತ್ರೆಯ ನರ್ಸು ನನ್ನ ಮುಖ ನೋಡಿಯೇ ಹೇಳಿದ್ದಳು. ಹಿಂದಿನ ಬೇಸಿಗೆಯಲ್ಲಿ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ವಾಹನ ಕಾದು ಕಾದು, ಕೊನೆಗೆ ಸಿಕ್ಕಿದ ಆಟೋದಲ್ಲಿ ನಾಲೆ ಏರಿಯ ಮೇಲೆ ಹೆತ್ತಿದ್ದಳು. ನನಗೆ ರಾತ್ರಿ ಹಗಲು ಅದೇ ಭಯ. ನನ್ನ ಗಂಡನಿಗೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಕಬ್ಬು ಅರೆಯುವ ಕಾಲದಲ್ಲಿ ಪಾಳಿ ಬಿಟ್ಟು ಬರುವ ಹಾಗಿಲ್ಲ. ನಾನು ಪಾಂಡವಪುರದಲ್ಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಮಾವನವರಿಗೆ ಕಣ್ಣಿಗೆ ಪೊರೆ ಬಂದು ಸಂಜೆಮೇಲೆ ರಸ್ತೆ ಕಾಣುತ್ತಿರಲಿಲ್ಲ. ಹೆರಿಗೆ ಆಗುವ ತನಕ ಕಾರು ಮನೆ ಬಿಟ್ಟು ಹೋಗಕೂಡದು ಅಂತ ಗಂಡನ ಕೈಲೇ ಹೇಳಿಸಿದೆ. ಮಾವ ತಲೆ ಆಡಿಸಿದರು.

ಆಮೇಲೆ ಒಂದು ದಿನ ಬೆಳಗಾಗುತ್ತಲೇ ನಾಗಮಂಗಲದಿಂದ ಫೋನು ಬಂತು. ಅಲ್ಲಿ ಯಾರೋ ದೊಡ್ಡ ಮನುಷ್ಯರ ಮಗನ ಮದುವೆ, ಛತ್ರ ಕೆ.ಆರ್. ಪೇಟೆಯಲ್ಲಿ. ಈಗಿನ ಹುಡುಗರಿಗೆ ಹಳೇ ಕಾರಿನ ಹುಚ್ಚು ಹಿಡಿದಿದೆಯಲ್ಲ, ಗಂಡು ಆ ಕರೀ ಕಾರಿನಿಂದ ಕನ್ನಡಕ ಹಾಕಿಕೊಂಡು ಇಳಿಯುವುದನ್ನು ಡ್ರೋನು ಬಿಟ್ಟು ತೆಗೆಯುತ್ತಾರಂತೆ. ಮಾವನವರ ಮುಖ ಊರಗಲ ಆಯಿತು. ನಾಳೆ ಬೆಳಿಗ್ಗೆ ಮದುವೆ, ಇವತ್ತು ಸಂಜೆಗೇ ಕಾರು ಹೊರಡಬೇಕು, ಅವರ ಡ್ರೈವರೇ ಬರುತ್ತಾನೆ, ಇವರೂ ಜೊತೆಗೆ ಹೋಗುತ್ತಾರೆ.

"ಮಗೀಗೆ ಇವತ್ತೋ ನಾಳೆಯೋ ಅನ್ನಂಗದೆ, ಕಾರು ಕಳಿಸ್ತೀರಾ ಮಾವ?" ಅಂದೆ.

"ಆಂಬುಲೆನ್ಸ್ ಐತಲ್ಲಮ್ಮಿ. ಸರ್ಕಾರ್ದೋರು ಬುಟ್ಟಿರೋದು ಯಾಕೆ?"

"ಅದು ಹೊತ್ತಿಗೆ ಬರದೆ ಹೋದ್ರೆ?"

"ಬತ್ತದೆ ಬುಡು. ಮಾತು ಕೊಟ್ಬುಟ್ಟಿವ್ನಿ. ನನ್ ಮಾತ್ಗೆ ನಾಗ್ಮಂಗ್ಲದಲ್ಲಿ ಒಂದು ಬೆಲೆ ಅದೆ."

ಮನೆಯಲ್ಲಿ ಕೊಟ್ಟ ಮಾತಿಗೆ ಬೆಲೆ ಇಲ್ಲ, ನಾಗಮಂಗಲದಲ್ಲಿ ಕೊಟ್ಟದ್ದಕ್ಕೆ ಇದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಗಳು ಒಳಗೆ ಮಂಚದ ಮೇಲೆ ಕಾಲು ಬಾತು ಮಲಗಿದ್ದಳು, ಅವಳ ಕಿವಿಗೆ ಜಗಳ ಬೀಳುವುದು ಬೇಡವಾಗಿತ್ತು.

ಮಾವ ಅಷ್ಟಕ್ಕೇ ನಿಲ್ಲಿಸಲಿಲ್ಲ. ಶ್ರೀರಂಗಪಟ್ಟಣದಿಂದ ಒಂದು ಡಬ್ಬಿ ಮೇಣ ತಂದಿಟ್ಟುಕೊಂಡಿದ್ದರು. ಕಾರಿನ ಮೈಗೆ ಹಚ್ಚಿ ಒರೆಸಿದರೆ ಕನ್ನಡಿ ಆಗುತ್ತದಂತೆ. ಬಗ್ಗಿದರೆ ಇವರಿಗೆ ಸೊಂಟ ಹಿಡಿಯುತ್ತದೆ. ಹಚ್ಚುವವರು ಯಾರು? ಇನ್ಯಾರು, ಬಿಟ್ಟಿ ಸಿಕ್ಕಿದ ಸೊಸೆ. ನನ್ನ ಮಗಳ ಕೈಯಿಂದ ಕಾರು ಕಿತ್ತುಕೊಂಡು ಹೋಗುವುದಕ್ಕೆ ನಾನೇ ಅದಕ್ಕೆ ಶೃಂಗಾರ ಮಾಡಬೇಕು.

ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದವಳು ಕಾರು ತೊಳೆದೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿದೆ. ನೆರಳಲ್ಲಿ ಹಚ್ಚಿ, ಕೊಂಚವೇ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಅಂತಿತ್ತು. ಓದಿ ಹೇಳಿದರೆ ಮಾವ, "ಬರ್ಯೋರ್ಗೇನು, ಬರೀತಾರೆ. ಬಿಸ್ಲಲ್ಲಿ ಹಾಕಮ್ಮಿ, ಬಿರ್ನೆ ಒಣಗ್ತದೆ. ದಪ್ಪಕ್ಕೆ ಬಳಿ, ಡಬ್ಬಿ ಯಾರ್ಗೆ ಮಡಗ್ಬೇಕು?" ಅಂದರು. ಬಿಸಿಲಲ್ಲೇ ಹಾಕಿದೆ. ದಪ್ಪಕ್ಕೇ ಬಳಿದೆ. ಒರೆಸುವುದಕ್ಕೆ ಮೆತ್ತನೆ ಬಟ್ಟೆ ಬೇಕು ಅಂದಾಗ ಒಳಗೆ ಹೋಗಿ ಮಡಿಕೆ ಮುರಿಯದ ತಮ್ಮ ಪಂಚೆಯೊಂದನ್ನು ತಂದು, ಆನೆ ದಾನ ಕೊಡುವವರ ಹಾಗೆ ನನ್ನ ಕೈಗಿಟ್ಟರು. "ಇದ್ಕಿಂತ ಶುದ್ಧವಾದ ಬಟ್ಟೆ ಈ ಊರಲ್ಲಿಲ್ಲ. ಒಸಿ ನೀರು ಚಿಮುಕ್ಸ್ಕಂಡು ಒರ್ಸು."

ನೀರು ಚಿಮುಕಿಸಿಕೊಂಡು ಒರೆಸಿದೆ. ಒದ್ದೆ ಇರುವಾಗ ಕಾರು ಥಳಥಳ ಅಂದಿತು. ಮಾವ ಮೀಸೆ ಮೇಲೆ ಬೆರಳಾಡಿಸಿದರು. ಒಣಗುತ್ತಿದ್ದ ಹಾಗೆ ಗೆರೆ ಎದ್ದವು ನೋಡಿ, ಬಾನೆಟ್ಟಿನಿಂದ ಡಿಕ್ಕಿಯ ತನಕ ಬೆಳ್ಳನೆ ಪಟ್ಟೆ ಪಟ್ಟೆ. ವಿಭೂತಿ ಬಳಿದ ಎಮ್ಮೆ ಆಯಿತು ಕಾರು. ಇನ್ನೊಂದು ಸಲ ಒರೆಸಿದೆ. ಮೊದಲಿದ್ದವು ಅಡ್ಡ ಗೆರೆ, ಈಗ ಉದ್ದಕ್ಕೂ ಬಂದವು.

"ಏನ್ ಮಾಡ್ಬುಟ್ಟೆ ಅಮ್ಮಿ ನನ್ ಕಾರ?" ಅಂತ ಮಾವ ಕೂಗಿದ್ದಕ್ಕೆ ಕೊಟ್ಟಿಗೆಯಲ್ಲಿ ಕರು ಬೆದರಿತು.

"ಬಿಸಿಲಲ್ಲಿ ಹಾಕ್ಸಿದ್ದು ನೀವು. ಮೈ ಕಾದೋಗದೆ, ಮೇಣ ಅಂಟ್ಕಂಡದೆ."

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ. ಒರ್ಸು, ಒರ್ಸು. ರಟ್ಟೆ ಬುಟ್ಟು ಒರ್ಸು. ಸಂಜೀಕೆ ಡ್ರೈವರ್ ಬತ್ತಾನೆ."

ಬೀದಿಯ ಹುಡುಗರನ್ನು ಕರೆದು ಕಾರನ್ನು ಹೊಂಗೆ ಮರದ ನೆರಳಿಗೆ ತಳ್ಳಿಸಿದೆ. ಮೈ ತಣ್ಣಗಾದ ಮೇಲೆ ಒರೆಸಿದರೂ ಗೆರೆ ಹೋಗಲಿಲ್ಲ. ರಟ್ಟೆ ಬಿದ್ದುಹೋಗುತ್ತಿತ್ತು. ಒಂದು ಗಳಿಗೆ ಕೂತು, ಪಂಚೆಯನ್ನು ಬೇಲಿ ಮೇಲೆ ಹರವಿದೆ. ನೀರು ಕುಡಿದು ಬಂದು ಎತ್ತಿಕೊಂಡರೆ ಒದ್ದೆಯಾಗಿದ್ದ ಪಂಚೆ ಮತ್ತೆ ಅಪ್ಪಳದ ಹಾಗೆ ಬಿರುಸಾಗಿ ನಿಂತಿದೆ. ಅಯ್ಯೋ ಶಿವನೇ, ಅಂದುಕೊಂಡೆ. ಅದಕ್ಕೆ ಗಂಜಿ ಹಾಕಿದವಳು ನಾನೇ ಅಲ್ಲವೇ! ನೀರು ಚಿಮುಕಿಸಿದಷ್ಟೂ ಗಂಜಿ ಕರಗಿ ಕಾರಿನ ಮೈಗೆ ಇಳಿಯುತ್ತಿದೆ. ಮೇಣದ ಮೇಲೆ ಅನ್ನದ ಗಂಜಿ ಬಳಿಯುತ್ತಾ ಕೂತಿದ್ದೇವೆ ಮಾವ ಸೊಸೆ ಇಬ್ಬರೂ.

ಖಾತ್ರಿ ಮಾಡಿಕೊಳ್ಳೋಣ ಅಂತ ನನ್ನ ಹಳೇ ಸೀರೆಯ ಸೆರಗನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಡಿಕ್ಕಿಯ ಕೆಳಗಿನ ಮೂಲೆಯಲ್ಲಿ ಒಂದು ಅಂಗೈಯಗಲ ಒರೆಸಿದೆ. ತೊಯ್ಯುವಷ್ಟು ನೀರಿಲ್ಲ, ಬರೀ ತಂಪು. ಆಮೇಲೆ ಸೆರಗಿನ ಒಣಗಿದ ಕಡೆಯಿಂದ ಒತ್ತದೆ, ಸುತ್ತಿಸದೆ, ಒಂದೇ ದಿಕ್ಕಿಗೆ ಎಳೆದೆ. ಬಟ್ಟೆ ಕೊಳೆಯಾದ ಕಡೆ ಮಡಿಚಿ ಹೊಸ ಮಗ್ಗುಲು ತಿರುಗಿಸಿಕೊಂಡೆ. ಗೆರೆ ಮಾಯ. ಆ ಅಂಗೈಯಗಲ ಜಾಗದಲ್ಲಿ ನನ್ನ ಮೂಗಿನ ಬೊಟ್ಟು ಕಂಡಿತು. ಹೀಗೆ ಒಂದೊಂದೇ ಭಾಗ ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಾರು ಮುಗಿಯುತ್ತಿತ್ತು.

ಮುಗಿದರೆ ಏನಾಗುತ್ತದೆ? ಸಂಜೆ ಡ್ರೈವರು ಬರುತ್ತಾನೆ, ಕಾರು ನಾಗಮಂಗಲಕ್ಕೆ ಹೊರಟುಹೋಗುತ್ತದೆ. ಗೆರೆ ಇರುವ ತನಕ ಕಾರು ಅಂಗಳದಲ್ಲಿರುತ್ತದೆ.

ಮಾವ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ನಾನು ಮತ್ತೆ ಅದೇ ಪಂಚೆಗೆ ನೀರು ಚಿಮುಕಿಸಿ, ಹೊಳೆಯುತ್ತಿದ್ದ ಆ ಅಂಗೈಯಗಲ ಜಾಗದ ಮೇಲೆ ಚೆನ್ನಾಗಿ ಎಳೆದೆ. ಬೆಳ್ಳನೆ ಗೆರೆ ಪುನಃ ಬಂತು. ನನಗೆ ಒಂದಿಷ್ಟೂ ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಮಧ್ಯಾಹ್ನವೆಲ್ಲ ನಾನು ದುಡಿದ ದುಡಿತ ನೋಡಬೇಕಿತ್ತು. ಬೆವರು ಸುರಿಸಿಕೊಂಡು, ಉಸ್ಸಪ್ಪಾ ಅಂದುಕೊಂಡು, ರಟ್ಟೆ ಬಿಟ್ಟು ಒರೆಸಿದೆ. ಒಂದು ಪಂಚೆ ಕೊಳೆಯಾಯಿತು ಅಂತ ಇನ್ನೊಂದು ಕೇಳಿದೆ, ಕೊಟ್ಟರು. ಅದಕ್ಕೆ ಇನ್ನೂ ಗಟ್ಟಿ ಗಂಜಿ ಹಾಕಿದ್ದೆ. ಮಾವನವರ ಬಾಯಿ ಒಂದು ಕ್ಷಣ ಸುಮ್ಮನಿರಲಿಲ್ಲ. ನನ್ನ ತವರಿನವರಿಗೆ ಎತ್ತಿನ ಗಾಡಿ ಬಿಟ್ಟರೆ ಬೇರೆ ಗೊತ್ತಿಲ್ಲ ಅಂದರು. ದೇವಲಾಪುರದ ಕಡೆಯವರಿಗೆ ನೀರೇ ಕಾಣದು, ಒರೆಸುವುದೇನು ಗೊತ್ತು ಅಂದರು. ಬೇರೆ ದಿನವಾಗಿದ್ದರೆ ನಾನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಅವತ್ತು "ಊಂ ಮಾವ, ನಿಜ ಮಾವ" ಅಂದುಕೊಂಡು ಗಂಜಿ ಬಳಿದೆ.

ಒಂದು ಹೊತ್ತಿನಲ್ಲಿ ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಏನಿತ್ತು ಗೊತ್ತೇ? ನಾನು ಮಗುವಿಗೆ ಅಂತ ಎತ್ತಿಟ್ಟ ಗಂಟು. ಅತ್ತೆಯ ನೂಲಿನ ಸೀರೆಗಳು, ಉಟ್ಟು ಉಟ್ಟು ಬೆಣ್ಣೆಯ ಹಾಗೆ ಆಗಿದ್ದವು. ಅವನ್ನು ಬಿಸಿನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಹರಿದು, ಮಡಿಸಿ ಇಟ್ಟಿದ್ದೆ. ಹುಟ್ಟಿದ ಕೂಸಿನ ಮೈಗೆ ಮೊದಲು ತಾಗುವ ಬಟ್ಟೆ ಅದು.

"ಇದು ಮೆತ್ತಗದೆ. ಇದ್ರಲ್ಲಿ ಒರ್ಸು" ಅಂದರು.

ಮುದುಕ ಸರಿಯಾದ ಬಟ್ಟೆಗೇ ಕೈ ಹಾಕಿದ್ದರು. ಆ ಬಟ್ಟೆ ತಗುಲಿದ್ದರೆ ಎರಡೇ ಎಳೆತಕ್ಕೆ ಗೆರೆ ಹೋಗಿ ನನ್ನ ಬಣ್ಣ ಬಯಲಾಗುತ್ತಿತ್ತು. ಆದರೆ ನಾನು ಕಿರುಚಿದ್ದು ಅದಕ್ಕಲ್ಲ.

"ಮಡಗಿ ಅದ ಕೆಳೀಕೆ! ಕೂಸಿನ ಬಟ್ಟೆ ಕಣ್ರೀ ಅದು! ಹುಟ್ಟೋ ಮಗೀಗಿಂತ ಹೆಚ್ಚಾ ನಿಮ್ಗೆ ಈ ತಗಡು?"

"ಒಂದ್ ಚೂರು ಬಟ್ಟೇಗೆ ಇಂಗಾಡ್ತೀಯಲ್ಲಮ್ಮಿ!"

"ಒಂದ್ ಎಳೆ ಮುಟ್ಟಿ ನೋಡುವಾ, ಡಬ್ಬಿ ಎತ್ತಿ ಕೆರೆಗೆ ಎಸೀತೀನಿ!"

ಇಷ್ಟು ವರ್ಷದಲ್ಲಿ ನಾನು ಅವರ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮಗಳು ಬಾಗಿಲು ಹಿಡಿದುಕೊಂಡು ಎದ್ದು ಬಂದಿದ್ದಳು. ಮಾವ ಗಂಟನ್ನು ಜಗಲಿಯ ಮೇಲಿಟ್ಟು ಮುಖ ತಿರುಗಿಸಿದರು. ನಾನು ಅದನ್ನು ಎತ್ತಿಕೊಂಡು ಹೋಗಿ ಮಗಳ ತಲೆದಿಂಬಿನ ಹತ್ತಿರ ಇಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ನಾಗಮಂಗಲದಿಂದ ವಿಡಿಯೋ ಕಾಲ್ ಬಂತು. ಗಂಡಿನ ಸೋದರಮಾವನಂತೆ. ಡ್ರೈವರನ್ನು ಕಳಿಸುವುದಕ್ಕೆ ಮೊದಲು ಹುಡುಗ ಒಮ್ಮೆ ಕಾರು ನೋಡಬೇಕಂತೆ. ಮಾವ ಫೋನನ್ನು ದೂರ ದೂರ ಹಿಡಿದರು, ಮರದ ಕಡೆ ತಿರುಗಿಸಿದರು, ಆದರೂ ಎಷ್ಟು ಅಂತ ಮುಚ್ಚುತ್ತಾರೆ? ಇಳಿಬಿಸಿಲು ಕಾರಿನ ಮಗ್ಗುಲಿಗೇ ಬಿದ್ದು ಒಂದೊಂದು ಗೆರೆಯೂ ಎದ್ದು ನಿಂತಿತ್ತು.

"ಏನ್ ಯಜಮಾನ್ರೇ, ಕಾರ್ಗೆ ಸುಣ್ಣ ಹೊಡ್ಸಿದ್ದೀರಾ?" ಅಂತ ಆ ಕಡೆಯಿಂದ ನಗು ಕೇಳಿಸಿತು. ಹಿಂದಿನಿಂದ ಹುಡುಗನ ದನಿ, "ಬ್ಯಾಡ ಬುಡು ಮಾವ, ಮೈಸೂರಿಂದಲೇ ತರ್ಸಣ" ಅಂದಿತು.

ಫೋನು ನಿಂತಮೇಲೆ ಮಾವ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ಬೈಯುತ್ತಾರೆ ಅಂತ ಕಾದೆ. ಪಂಚೆಯನ್ನು ನೋಡಿದರು, ನನ್ನನ್ನು ನೋಡಿದರು. ಗೊತ್ತಾಯಿತೋ ಇಲ್ಲವೋ ಹೇಳಲಾರೆ. ಅವರ ಮುಖ ಬಾಡಿತ್ತು. ಅಯ್ಯೋ ಪಾಪ ಅನ್ನಬೇಕಾದವಳು ನಾನು, ಬಾಯಿಗೆ ಬರಲಿಲ್ಲ. ಕೈ ತೊಳೆದುಕೊಂಡು ಹಾಲು ಕರೆಯಲು ಹೋದೆ.

ಕರೆದು ಮುಗಿಸುವಷ್ಟರಲ್ಲಿ ಮಗಳು "ಅವ್ವಾ" ಅಂದಳು. ಆ ಕೂಗು ಹೇಗಿತ್ತೆಂದರೆ ಚೊಂಬು ಅಲ್ಲೇ ಬಿಟ್ಟು ಓಡಿದೆ. ಅವಳು ಗೋಡೆ ಹಿಡಿದು ನಿಂತಿದ್ದಳು, ಕಣ್ಣು ಮಂಜಾಗುತ್ತದೆ ಅಂದಳು. ಆಂಬುಲೆನ್ಸಿಗೆ ಫೋನು ಮಾಡಿದೆ. ಗಾಡಿ ಕೆ.ಆರ್. ಪೇಟೆ ಕಡೆ ಹೋಗಿದೆ, ಇನ್ನೊಂದನ್ನು ಕಳಿಸುತ್ತೇವೆ, ತಡವಾಗಬಹುದು ಅಂದರು. ಮುಂದಿನ ಮಾತು ನಾನು ಕೇಳಿಸಿಕೊಳ್ಳಲಿಲ್ಲ.

"ಕೀಲಿ ಕೊಡಿ ಮಾವ."

ಕೊಡಲಿಲ್ಲ. ತಾವೇ ಬಂದು ಕಾರಿನ ಬಾಗಿಲು ತೆಗೆದರು. ನಾನು ಮಗಳನ್ನು ತಬ್ಬಿ ಹಿಡಿದು ಅಂಗಳಕ್ಕೆ ಇಳಿಸಿದೆ. ಅಷ್ಟರಲ್ಲಿ ಮಾವ, "ತಡಿ ತಡಿ" ಅಂದರು. ಅದೇ ಮಾತು, ಅದೇ ದನಿ. ಕೊಟ್ಟಿಗೆಯ ಕಡೆ ಹೋದರು. ಓಡಲಾರರು ಈಗ, ಕುಂಟುತ್ತಾ ಹೋದರು. ಬರುವಾಗ ಕೈಯಲ್ಲಿ ಗೊಬ್ಬರದ ಚೀಲ. ಹಿಂದಿನ ಸೀಟಿನ ಮೇಲೆ ಹಾಸಿ, ಬಗ್ಗಲಾರದೆ ಬಗ್ಗಿ, ಮೂಲೆ ಎಳೆಯತೊಡಗಿದರು.

ಮಗಳನ್ನು ಕಾರಿಗೆ ಒರಗಿಸಿ ನಿಲ್ಲಿಸಿದೆ. ಅವಳ ಬಳೆ ಗೀರಿದರೆ ಗೀರಲಿ. ಮಾವನವರ ಕೈಯಿಂದ ಚೀಲವನ್ನು ಕಿತ್ತುಕೊಂಡೆ. ಒಳಗೆ ಹೋಗಿ ಗಂಟು ತಂದು, ಅತ್ತೆಯ ಸೀರೆಗಳನ್ನೆಲ್ಲ ಹಿಂದಿನ ಸೀಟಿನ ಮೇಲೆ ಮಡಿಕೆ ಮಡಿಕೆಯಾಗಿ ಹಾಸಿ ಮಗಳನ್ನು ಮಲಗಿಸಿದೆ. ಆಮೇಲೆ ಮುಂದಿನ ಬಾಗಿಲು ತೆಗೆದು, ಅವರು ಯಾವಾಗಲೂ ಕೂರುವ ಸೀಟಿನ ಮೇಲೆ ಆ ಚೀಲ ಹಾಸಿದೆ. ನಾಲ್ಕೂ ಮೂಲೆ ಎಳೆದು ಸರಿ ಮಾಡಿದೆ.

"ಕೂತ್ಕಳಿ."

"ಇದ್ರ ಮ್ಯಾಲಾ?"

"ಊಂ. ಸೀಟ್ ಕೆಟ್ಟೋದಾತು. ಕೂತ್ಕಂಡು ಕೀಲಿ ಕೊಡಿ, ಇಲ್ಲಾ ಕೀಲಿ ಕೊಟ್ಟು ಇಲ್ಲೇ ಇರಿ."

ಹಿಂದಿನಿಂದ ಮಗಳು ನರಳಿದಳು. ಮಾವ ನನ್ನ ಮುಖವನ್ನೇ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಇಸ್ತ್ರಿ ಮಾಡಿದ ಪಂಚೆಯನ್ನು ಒಟ್ಟು ಮಾಡಿಕೊಂಡು ಚೀಲದ ಮೇಲೆ ಕೂತರು. ಬೆಲ್ಟಿನ ಜೇಬಿನಿಂದ ಕೀಲಿ ತೆಗೆದು ಕೊಟ್ಟರು.

ನಾನು ಆ ಕಾರನ್ನು ಓಡಿಸಿದ್ದು ಅದೇ ಮೊದಲ ಸಲ. ಮುಂದೆ ಬಾನೆಟ್ಟಿನ ಮೇಲೆ ಬೆಳಗಿನಿಂದ ನಾನೇ ಎಳೆದ ಗೆರೆಗಳು, ಎದುರು ಬರುವ ಗಾಡಿಗಳ ಬೆಳಕಿಗೆ ಬೆಳ್ಳಗೆ ಕಾಣುತ್ತಿದ್ದವು. ರಸ್ತೆಯ ಹಳ್ಳಕ್ಕೆ ಚಕ್ರ ಇಳಿದಾಗಲೆಲ್ಲ ಮಾವನವರ ಕೆಳಗೆ ಚೀಲ ಚರಚರ ಅಂದಿತು. ಅವರು ಅಲುಗಾಡದೆ ಕೂರಲು ನೋಡಿದರು. ಆ ಸದ್ದು ಎಷ್ಟು ಬಿಗಿಹಿಡಿದು ಕೂತರೂ ನಿಲ್ಲುವಂಥದ್ದಲ್ಲ, ಅದು ನನಗೆ ಗೊತ್ತಿತ್ತು.

ಎರಡು ನೋವಿನ ನಡುವೆ ಮಗಳು ಕೇಳಿದಳು, "ಏನವ್ವಾ ಅದು ಸದ್ದು?"

"ನೀನ್ ಹುಟ್ಟಿದ್ ದಿನ ಇದೇ ದಾರೀಲಿ ನನ್ ಕೆಳಗೆ ಬಂದಿದ್ದು ಅದೇ ಸದ್ದು ಕಣವ್ವ" ಅಂದೆ.

ಮಾವ ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ನೋವಿದ್ದರೂ ಮೈಯನ್ನು ಚೀಲದಿಂದ ಒಂದಿಷ್ಟು ಎತ್ತಿಕೊಂಡರು. ಸದ್ದು ನಿಂತಿತು. ಆಸ್ಪತ್ರೆಯ ತನಕ ಹಾಗೇ ಇದ್ದರು. ನಾನು ಹಳ್ಳ ತಪ್ಪಿಸಲಿಲ್ಲ ಅಂತಲ್ಲ, ತಪ್ಪಿಸಿದೆ, ಅವರಿಗಾಗಿ ಅಲ್ಲ, ಮಗಳಿಗಾಗಿ.